ಐರಣಿ ಸಂಘದ ಮೊದಲ ಕರೆ

ಐರಣಿಯ ನದಿ ದಂಡೆ ರೈತರ ಸಂಘಕ್ಕೆ ಗಂಗಾ ಕಾರ್ಯದರ್ಶಿಯಾದ ವರ್ಷವೇ, ಸಂಘದ ಕೆಲಸವನ್ನೆಲ್ಲ ಫೋನಿಗೆ ತರಬೇಕೆಂಬ ಮಾತು ಎದ್ದಿತು. ಎಬ್ಬಿಸಿದವರು ಅಧ್ಯಕ್ಷ ಪ್ರಭುಲಿಂಗಪ್ಪನವರು. ರಾಣೆಬೆನ್ನೂರಿನಲ್ಲಿ ಅವರದು ಬೀಜದ ಅಂಗಡಿ, ಐರಣಿಯಲ್ಲಿ ಹೊಲ. ಎರಡೂ ಕಡೆ ಅವರ ಮಾತಿಗೆ ತೂಕವಿತ್ತು. ಹಾವೇರಿಗೆ ಹೋದಾಗ ಯಾರೋ ತೋರಿಸಿದ ಆ್ಯಪ್ ಅವರಿಗೆ ಬಹಳ ಹಿಡಿಸಿತ್ತು. ಸದಸ್ಯತ್ವ, ಸಭೆಯ ನೋಟಿಸು, ಗೊಬ್ಬರದ ಬೇಡಿಕೆ, ಏನು ಕೇಳಿದರೂ ಅದರಲ್ಲಿತ್ತು. ವಾರ್ಷಿಕ ಸಭೆಯ ದಿನ ಪೆಂಡಾಲು ಹಾಕಿಸಿ ಜೋರಾಗಿ ಉದ್ಘಾಟನೆ ಮಾಡಿಸಬೇಕೆಂದು ಅವರು ಆಗಲೇ ಊರೆಲ್ಲ ಹೇಳಿಬಿಟ್ಟಿದ್ದರು. ಯೋಜನೆ ಮಾಡಿ ತರುವ ಕೆಲಸ ಗಂಗಾಳ ಪಾಲಿಗೆ ಬಂತು.

ಗಂಗಾ ಪಿಯುಸಿ ಓದಿದವಳು, ಗಂಡನ ಸರಿಸಮ ನಿಂತು ಮೆಕ್ಕೆಜೋಳ ಬೆಳೆಯುವವಳು. ಪೇಟೆಯ ಧಾರಣೆಯನ್ನು ಫೋನಿನಲ್ಲಿ ನೋಡುವುದು ಗೊತ್ತಿತ್ತು. ಆದರೆ ಒಂದು ಸಂಘವನ್ನೇ ಅದರೊಳಗೆ ಇಳಿಸುವುದು ಹೇಗೆಂದು ಎಷ್ಟು ಯೋಚಿಸಿದರೂ ಬಗೆಹರಿಯಲಿಲ್ಲ. ಆಗ ನೆನಪಾದವಳು ಶ್ವೇತಾ. ಕಾಲೇಜಿನ ಗೆಳತಿ, ಈಗ ಬ್ಯಾಡಗಿಯಲ್ಲಿ ಮೆಣಸಿನಕಾಯಿ ಬೆಳೆಯುವ ಹೆಣ್ಣುಮಕ್ಕಳ ಸಂಘವೊಂದನ್ನು ನಡೆಸುತ್ತಿದ್ದಳು. ಗಂಗಾ ರಾಣೆಬೆನ್ನೂರಿನಲ್ಲಿ ರೈಲು ಹತ್ತಿ ಅವಳ ಮುಂದೆ ಹೋಗಿ ಕುಳಿತಳು.

ಅಂದು ಶ್ವೇತಾಗೆ ಕೈತುಂಬ ಕೆಲಸ. ಆದರೂ ಎಲ್ಲವನ್ನೂ ಬದಿಗಿಟ್ಟು, ಚಹಾ ತರಿಸಿ, ಗೆಳತಿಯ ಮಾತನ್ನು ಪೂರ್ತಿ ಕೇಳಿದಳು.

"ಆ್ಯಪ್ ಯಾವ್ದು ಅನ್ನೋದನ್ನ ಕಡೀಕ ನೋಡೋಣು," ಎಂದಳು. "ಮೊದಲ ನಿಮ್ಮ ಮಂದೀನ್ನ ಕೇಳು. ಸಂಘದಿಂದ ಯಾವ ಸುದ್ದಿ ತಡಾ ಆಗಿ ಬಂದ್ರ ನಿಮಗ ಭಾಳ ತ್ರಾಸ ಆಗತೈತಿ ಅಂತ ಕೇಳು."

ಇಷ್ಟು ಹೇಳಿ ಅವಳು ಕೈತೊಳೆದುಕೊಳ್ಳಲಿಲ್ಲ. ಮುಂದಿನ ಭಾನುವಾರ ತಾನೇ ಐರಣಿಗೆ ಬಂದಳು, ಅದರ ಮುಂದಿನ ಭಾನುವಾರವೂ ಬಂದಳು. ಇಬ್ಬರೂ ಮನೆಮನೆಯ ಕಟ್ಟೆಯ ಮೇಲೆ ಕುಳಿತು ಕೇಳಿದರು. ಗೊಬ್ಬರದ ಮಾತು ಬಂತು, ಸಭೆಯ ಮಾತೂ ಬಂತು. ಆದರೆ ತಿರುಗಿ ತಿರುಗಿ ಬಂದದ್ದು ಹೊಳೆಯ ಮಾತು. ಮೇಲಿನ ಅಣೆಕಟ್ಟೆಗಳಲ್ಲಿ ಗೇಟು ಎತ್ತಿದ ಸುದ್ದಿ ಊರಿಗೆ ಮುಟ್ಟುವುದರೊಳಗೆ ನೀರೇ ಬಂದಿರುತ್ತಿತ್ತು. ಹೋದ ಮಳೆಗಾಲದಲ್ಲಿ ದಂಡೆಯ ಪಂಪ್‌ಸೆಟ್ಟುಗಳು ಹಾಗೆಯೇ ಕೊಚ್ಚಿಹೋಗಿದ್ದವು. ಇನ್ನೊಂದು ಸಂಗತಿಯೂ ತಿಳಿಯಿತು. ಫೋನಿಗೆ ಬಂದ ಬರಹವನ್ನು ಓದುವವರು ಸದಸ್ಯರಲ್ಲಿ ಅರ್ಧದಷ್ಟೂ ಇರಲಿಲ್ಲ.

ಹೀಗೆ ಯೋಜನೆ ಚಿಕ್ಕದಾಗುತ್ತ ಬಂತು. ಮೊದಲ ವರ್ಷ ಒಂದೇ ಕೆಲಸ: ನೀರು ಬಿಟ್ಟ ಸುದ್ದಿ ಅಣೆಕಟ್ಟೆಯ ಕಚೇರಿಯಿಂದ ನೇರ ಸಂಘಕ್ಕೆ ಬರಬೇಕು, ಬಂದ ಕೂಡಲೇ ಎಲ್ಲ ಸದಸ್ಯರಿಗೂ ಒಮ್ಮೆಲೇ ಫೋನು ಹೋಗಬೇಕು, ಅದು ಕನ್ನಡದಲ್ಲಿ ಮಾತಾಡಬೇಕು. ಕೇಳಿದವರು ಫೋನಿನಲ್ಲಿ ಒಂದನೇ ಅಂಕಿಯನ್ನು ಒತ್ತಬೇಕು. ಒತ್ತದವರಿದ್ದರೆ, ಅವರೇ ಮೊದಲು ಹೆಸರು ಹೇಳಿಟ್ಟ ನೆರೆಯವರಿಗೆ ಫೋನು ಹೋಗಬೇಕು. ಆ ನೆರೆಯವರು ನಡೆದುಹೋಗಿ ಸುದ್ದಿ ಮುಟ್ಟಿಸಬೇಕು. ಉಳಿದದ್ದೆಲ್ಲ ಇದು ಜನರಿಗೆ ರೂಢಿಯಾದ ಮೇಲೆ.

ಗಂಗಾ ಇದನ್ನು ಸಂಘದ ಕಮಿಟಿಯ ಮುಂದೆ ಇಟ್ಟಳು. ತಾವು ಅಂದುಕೊಂಡದ್ದು ಏನು, ಇದು ಬಂದು ನಿಂತದ್ದು ಎಲ್ಲಿ ಎಂದು ಪ್ರಭುಲಿಂಗಪ್ಪ ಬೇಸರದಿಂದಲೇ ಅಂದರು. ಆಮೇಲೆ ಯೋಜನೆಯ ಹಾಳೆಯನ್ನು ಕೈಗೆತ್ತಿಕೊಂಡು ಇನ್ನೊಮ್ಮೆ ಓದಿದರು. ಕೊನೆಗೆ ಕೇಳಿದರು:

"ಫೋನಿನ್ಯಾಗ ಮಾತಾಡೋದು ಯಾರ ದನಿ?"

ಅದನ್ನು ಯಾರೂ ಯೋಚಿಸಿರಲಿಲ್ಲ. ಗಂಗಾ, "ನಿಮ್ಮದ ಇರ್ಲಿರೀ ಸಾವ್ಕಾರ್ರ. ನಿಮ್ಮ ದನಿ ಕೇಳಿದ್ರ ಮಂದಿ ಕುಂತಲ್ಲಿಂದ ಏಳತಾರ," ಎಂದಳು.

ಪೆಂಡಾಲಿನ ಮಾತು ಅಲ್ಲಿಗೆ ಮುಗಿಯಿತು. ಊರೆಲ್ಲ ಹೇಳಿಕೊಂಡಿದ್ದ ಸಮಾರಂಭವನ್ನು ಆ ಹಿರಿಯರು ಮರುಮಾತಿಲ್ಲದೆ ಬಿಟ್ಟುಕೊಟ್ಟರು. ಕರೆಯ ಏರ್ಪಾಡು ಮಾಡಿಕೊಟ್ಟ ರಾಣೆಬೆನ್ನೂರಿನ ಅಬ್ರಾರನ ಮೊಬೈಲ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಬೆವರು ಒರೆಸಿಕೊಳ್ಳುತ್ತ ಕುಳಿತು, ಮನಸ್ಸಿಗೆ ಬರುವ ತನಕ ಹೇಳಿದ್ದನ್ನೇ ಹೇಳಿ ದನಿ ಕೊಟ್ಟರು. ಮೊದಲ ಸಲ ಪರೀಕ್ಷೆ ಮಾಡಿದಾಗ ಅನೇಕರು ಒಂದನ್ನು ಒತ್ತುವುದು ಬಿಟ್ಟು, "ಆರಾಮ ಅದೀರೇನ್ರಿ ಸಾವ್ಕಾರ್ರ" ಎಂದು ಆ ದನಿಯನ್ನೇ ಮಾತಾಡಿಸಿದ್ದರು. ಶ್ವೇತಾ ಮತ್ತೆ ಬಂದಳು. ಇಬ್ಬರೂ ಮತ್ತೆ ಕಟ್ಟೆ ಕಟ್ಟೆ ತಿರುಗಿ ಒತ್ತುವುದನ್ನು ಕಲಿಸಿದರು.

ಶ್ರಾವಣದ ಒಂದು ಮಧ್ಯಾಹ್ನ ಅಣೆಕಟ್ಟೆಯಿಂದ ಗೇಟು ಎತ್ತಿದ ಸುದ್ದಿ ಬಂತು. ಗಂಗಾ ಸಂಘದ ಕಚೇರಿಯಿಂದ ಕರೆ ಬಿಟ್ಟಳು. ಕಂಪ್ಯೂಟರಿನಲ್ಲಿ, ಒಂದನ್ನು ಒತ್ತಿದವರ ಹೆಸರುಗಳು ಒಂದೊಂದಾಗಿ ಹಸಿರಾದವು. ದಂಡೆಯ ಕಡೆಯಿಂದ ಪಂಪ್‌ಸೆಟ್ಟು ಹೊತ್ತ ಟ್ರ್ಯಾಕ್ಟರುಗಳು ಊರೊಳಗೆ ಬರತೊಡಗಿದವು. ಕುರಿ ಕಾಯುವ ತಿರಕಪ್ಪನ ಹೆಸರು ಮಾತ್ರ ಕೆಂಪಗೇ ಉಳಿಯಿತು. ಅವನು ಹೊಳೆಯ ನಡುಗಡ್ಡೆಗೆ ಕುರಿ ಹೊಡೆದುಕೊಂಡು ಹೋಗಿದ್ದ, ಫೋನನ್ನು ಮನೆಯಲ್ಲಿ ಚಾರ್ಜಿಗೆ ಹಾಕಿಟ್ಟಿದ್ದ.

ಅವನು ಹೇಳಿಟ್ಟ ನೆರೆಯವಳು ಫಕ್ಕೀರವ್ವ. ಕರೆ ಬಂದಾಗ ಅವಳು ರೊಟ್ಟಿ ಬಡಿಯುತ್ತಿದ್ದಳು. ಹಿಟ್ಟಿನ ಕೈಯಲ್ಲೇ ಒಂದನ್ನು ಒತ್ತಿ, ಒಲೆಯ ಕಟ್ಟಿಗೆ ಹಿಂದಕ್ಕೆಳೆದು, ದಂಡೆಗೆ ಓಡಿದಳು. ಅವಳ ಕೂಗು ಗಾಳಿಗೆ ತೇಲಿಹೋಗುತ್ತಿತ್ತು. ತಿರಕಪ್ಪ ಕೊನೆಗೂ ತಿರುಗಿ ನೋಡಿ, ಅವಳು ಕೈ ಬೀಸುವ ಅವಸರ ಕಂಡು, ಕುರಿಗಳನ್ನು ಎಬ್ಬಿಸಿದ. ಮೊಳಕಾಲುದ್ದದ ನೀರಿನಲ್ಲಿ ಹಿಂಡು ಈಚೆಗೆ ಬಂತು. ಹೊತ್ತು ಮುಳುಗುವ ಮೊದಲೇ ನಡುಗಡ್ಡೆ ಕಾಣದಾಯಿತು.

ಮರುದಿನ ತಿರಕಪ್ಪ ಕಚೇರಿಗೆ ಬಂದು ಬಾಗಿಲಲ್ಲೇ ನಿಂತ. ಗಂಗಾ ಒಳಗೆ ಕರೆದು ಕೂರಿಸಿದಳು.

"ಫಕ್ಕೀರವ್ವ ಬರಲಿಲ್ಲಂದ್ರ ನಾ ಅಲ್ಲೇ ಗಿಡದ ಬುಡಕ ಮಲಗಿಬಿಡತಿದ್ದೆ ತಂಗಿ," ಎಂದ. "ನಿನಗ ಏನ್ ಹೇಳಬೇಕೋ ತಿಳೀವಲ್ದು."

ಗಂಗಾಗೆ ಕಣ್ಣು ತುಂಬಿತು. ಈ ಮಾತು ತನ್ನೊಬ್ಬಳಿಗೆ ಸೇರಿದ್ದಲ್ಲ ಎಂದು ಶ್ವೇತಾಗೆ ಫೋನು ಹಚ್ಚಿ ಅವನ ಕೈಗೆ ಕೊಟ್ಟಳು. ಅತ್ತ ಮಾರುಕಟ್ಟೆಯ ಗದ್ದಲ. ಅವನು ಹೇಳಿದ್ದನ್ನು ಇನ್ನೊಮ್ಮೆ ಹೇಳಬೇಕಾಯಿತು. ಅಷ್ಟರಲ್ಲಿ ಪ್ರಭುಲಿಂಗಪ್ಪ ಬಂದರು. ಗಂಗಾ ಎದ್ದು ನಿಂತು, ಅವರು ಪೆಂಡಾಲು ಬಿಟ್ಟದ್ದಕ್ಕೇ ಇದೆಲ್ಲ ಆಯಿತೆಂದಳು. ಅವರು ಕೈ ಆಡಿಸಿ ಆ ಮಾತನ್ನು ತಳ್ಳಿಹಾಕಿದರೂ ಮುಖ ಅರಳಿತ್ತು.

ತಿರಕಪ್ಪ ಹೊರಡಲಿಲ್ಲ, ಅವನಿಗೆ ಹೇಳಲು ಇನ್ನೊಂದು ಮಾತಿತ್ತು. ಆಚೆ ದಂಡೆಯಲ್ಲೂ ಕುರಿಯವರಿದ್ದರು, ತಾನು ಕೂಗಿದ ಮೇಲೆಯೇ ಅವರು ಎದ್ದದ್ದು, ಅವರಿಗೆ ಯಾವ ಫೋನೂ ಬಂದಿರಲಿಲ್ಲ ಎಂದ. ಅವರು ಸಂಘದ ಸದಸ್ಯರಲ್ಲವಲ್ಲ ಎಂದು ಗಂಗಾ ಅಧ್ಯಕ್ಷರ ಮುಖ ನೋಡಿದಳು.

"ಹೊಳಿ ಸದಸ್ಯರನ್ನ ಕೇಳಿ ಏರತೈತೇನು?" ಎಂದರು ಪ್ರಭುಲಿಂಗಪ್ಪ. "ಅವರ ನಂಬರೂ ತಗೊಂಡ ಬರ್ರಿ."

ನೀರು ಇಳಿದ ವಾರ ಗಂಗಾ, ಫಕ್ಕೀರವ್ವ, ತಿರಕಪ್ಪ ಮೂವರೂ ದೋಣಿ ಹತ್ತಿ ಆಚೆ ದಂಡೆಗೆ ಹೋದರು. ಅಲ್ಲಿಯವರು ಅವರನ್ನು ಬೀಗರಂತೆ ಕೂರಿಸಿ ಮಜ್ಜಿಗೆ ಕೊಟ್ಟರು. ಗಂಗಾ ಕುಡಿದು ಮುಗಿಸಿ, ಎದುರಿಗೆ ಕುಳಿತ ಅಜ್ಜಿಯ ಕೈಯಲ್ಲಿದ್ದ ಚಿಕ್ಕ ಫೋನನ್ನು ಇಸಿದುಕೊಂಡು, ಒಂದರ ಗುಂಡಿ ಎಲ್ಲಿದೆಯೆಂದು ತೋರಿಸತೊಡಗಿದಳು.