ಹುಣಸಿ ಓಣಿಯ ದೀಪಪಟ್ಟಿ

ಸೇಡಂನಿಂದ ಚಿತ್ತಾಪುರಕ್ಕೆ ಹೋಗುವ ದಾರಿಯ ಮೇಲಿನ ಊರು ಮುತ್ತಗಪೇಟ. ಅಲ್ಲಿಯ ಹುಣಸಿ ಓಣಿಯಲ್ಲಿ ಬಸ್ಸಮ್ಮ ಚುರುಮುರಿ ಭಟ್ಟಿ ಇಟ್ಟುಕೊಂಡಿದ್ದಳು. ಗಂಡ ತೀರಿಕೊಂಡ ಮೇಲೆ ಹದಿನಾರು ವರ್ಷ ಆ ಬೆಂಕಿಯ ಮುಂದೆಯೇ ಕೂತವಳು. ಮಾತೂ ಹಾಗೇ ಸುಡುತ್ತದೆ ಎಂದು ಓಣಿಯವರು ಅನ್ನುತ್ತಿದ್ದರು.

1953ರ ಬೇಸಿಗೆಯಲ್ಲಿ ಬಲ್ದಿಯಾದ ಜವಾನ ಬಂದು ಅವಳ ಕೈಗೊಂದು ಕಾಗದ ಕೊಟ್ಟು ಹೋದ. ಬಲ್ದಿಯಾ ಎಂದರೆ ಊರಿನ ಪುರಸಭೆ; ಅದು ಹಾಕುವ ತೆರಿಗೆಗೆ ಪಟ್ಟಿ ಅನ್ನುತ್ತಿದ್ದರು. ಜನ ವೋಟು ಹಾಕಿ ಆರಿಸಿದ ಹೊಸ ಮೆಂಬರುಗಳು ಕುರ್ಚಿ ಹಿಡಿದು ಆರು ತಿಂಗಳಾಗಿತ್ತು. ಕಾಗದ ಮಾತ್ರ ಹಳೆಯ ಉರ್ದುವಿನಲ್ಲೇ ಇತ್ತು. ಬಸ್ಸಮ್ಮ ಅದನ್ನು ಎದುರು ಮನೆಯ ಸಿರಾಜುದ್ದೀನನ ಹತ್ತಿರ ಒಯ್ದಳು.

ಸಿರಾಜುದ್ದೀನ ಹದಿನಾಲ್ಕು ವರ್ಷ ಜಾಗೀರಿನ ಕಚೇರಿಯಲ್ಲಿ ಮುನ್ಷಿಯಾಗಿದ್ದವನು. ಜಾಗೀರುಗಳು ಸರಕಾರಕ್ಕೆ ಸೇರಿದಾಗ ಗುಮಾಸ್ತರನ್ನೆಲ್ಲ ನಿಲ್ಲಿಸಿ, ‘ಬೇಕಾದಾಗ ಕರೆಯುತ್ತೇವೆ’ ಎಂದು ಹೇಳಿ ಮನೆಗೆ ಕಳಿಸಿದ್ದರು. ನಾಲ್ಕು ವರ್ಷವಾದರೂ ಯಾರೂ ಕರೆದಿರಲಿಲ್ಲ. ಅವನು ಗುಲ್ಬರ್ಗಾಕ್ಕೆ ಹಾಕಿದ ಅರ್ಜಿಗಳಿಗೆ ಉತ್ತರವೂ ಬಂದಿರಲಿಲ್ಲ. ಹೆಂಡತಿ ಹಮೀದಾಬಿ ರವಿಕೆ ಹೊಲಿದು ಮನೆ ನಡೆಸುತ್ತಿದ್ದಳು. ಅವನು ದಿನಾ ಇಸ್ತ್ರಿ ಮಾಡಿದ ಶೇರ್ವಾನಿ ತೊಟ್ಟು ಕಟ್ಟೆಯ ಮೇಲೆ ಕೂಡುತ್ತಿದ್ದ.

ಕಾಗದ ಓದಿ ಅವನು ಹೇಳಿದ, “ಮನಿಪಟ್ಟಿ ಏರಿಸ್ಯಾರ, ಅಕ್ಕ. ಮ್ಯಾಲ ದೀಪಪಟ್ಟಿ ಅಂತ ಹಾಕ್ಯಾರ. ಓಣಿ ದೀಪಕ್ಕ.”

“ಯಾವ ದೀಪರಿ?”

ಇಬ್ಬರೂ ಓಣಿಯ ತುದಿಯ ಕಂಬವನ್ನು ನೋಡಿದರು. ಐದು ವರ್ಷದ ಹಿಂದೆ ನವಾಬರ ಆಳ್ವಿಕೆ ಮುಗಿಸಲು ಮಿಲಿಟರಿ ಬಂದ ಗದ್ದಲದಲ್ಲಿ ಅದರ ಕಂದೀಲಿನ ಗಾಜು ಒಡೆದಿತ್ತು. ಅಂದಿನಿಂದ ಅದಕ್ಕೆ ಯಾರೂ ಎಣ್ಣೆ ಹಾಕಿರಲಿಲ್ಲ.

ಬಸ್ಸಮ್ಮ ಸೆರಗು ಸಿಕ್ಕಿಸಿಕೊಂಡು ಸೀದಾ ಆಚೆ ಓಣಿಯ ರೇವಣಪ್ಪನ ಮನೆಗೆ ಹೋದಳು. ರೇವಣಪ್ಪ ಹತ್ತಿಯ ಅಡತಿ ಅಂಗಡಿ ಇಟ್ಟ ವ್ಯಾಪಾರಿ, ಹುಣಸಿ ಓಣಿಯ ವೋಟಿನಿಂದ ಆರಿಸಿ ಬಂದ ಮೆಂಬರ. ವೋಟಿನ ಮೊದಲು ಮನೆಮನೆಗೆ ಬಂದು, ಓಣಿಗೊಂದು ದೀಪ, ಕೈಗೊಂದು ಕೆಲಸ ಎಂದು ಕೈಮುಗಿದಿದ್ದ. ಈಗ ಅವನ ಅಂಗಳದ ಎರಡೂ ಬದಿಗೆ ಬಲ್ದಿಯಾದ ಹೊಸ ಕಂದೀಲು ತೂಗುತ್ತಿದ್ದವು. ಅವು ಬಸ್ಸಮ್ಮನ ಕಣ್ಣಿಗೆ ಮೊದಲು ಬಿದ್ದವು.

“ಬಾ ಯವ್ವಾ, ಕುಂದ್ರು,” ಅಂದ ರೇವಣಪ್ಪ.

“ಕುಂದ್ರಲಿಕ್ಕ ಬಂದಿಲ್ರಿ. ಹತ್ತದ ದೀಪಕ್ಕ ಪಟ್ಟಿ ಯಾಕ ಕೊಡಬೇಕು, ಅಷ್ಟ ಹೇಳ್ರಿ.”

“ದೀಪ ಹತ್ತಬೇಕಂದ್ರ ಎಣ್ಣಿ ಬೇಕು. ಎಣ್ಣಿಗೆ ರೊಕ್ಕ ಬೇಕು. ನೀವು ಮೊದಲ ಪಟ್ಟಿ ಕೊಟ್ರ ದೀಪ ತಾನ ಹತ್ತತದ.”

“ನಿಮ್ಮ ಮನಿ ಮುಂದಿನವು ಯಾರ ಪಟ್ಟಿಲೆ ಹತ್ತಲಿಕತ್ತಾವ್ರಿ?”

ರೇವಣಪ್ಪ ಮೇಲೆ ನೋಡಿ ಕೆಮ್ಮಿದ. ನಾಲ್ಕು ಮಂದಿ ಪಂಚಾಯ್ತಿಗೆ ಬಂದು ಕೂಡುವ ಜಾಗ, ಅದಕ್ಕೆ ಹಾಕಿಸಿದ್ದು ಎಂದ. ಆಮೇಲೆ ಮಾತು ಹೊರಳಿಸಿ, ವಸೂಲಿ ಗುಮಾಸ್ತ ಬಿಟ್ಟುಹೋಗಿದ್ದಾನೆ, ಹೊಸಬ ಸಿಗುತ್ತಿಲ್ಲ, ಅದಕ್ಕೇ ಎಲ್ಲ ಹಿಂದೆ ಬಿದ್ದಿದೆ ಎಂದು ಗೊಣಗಿದ.

“ಸಿಗವಲ್ರ? ನಮ್ಮ ಓಣ್ಯಾಗ ಮುನ್ಷಿ ಸಾಬ್ರು ನಾಕ ವರ್ಷದಿಂದ ಖಾಲಿ ಕುಂತಾರ. ಉರ್ದು ಬರ್ತದ, ಕನ್ನಡ ಬರ್ತದ, ಲೆಕ್ಕ ಬರ್ತದ. ಕೈಗೊಂದು ಕೆಲಸ ಅಂದವರು ನೀವಲ್ಲ?”

ಅವಳು ಸಿಟ್ಟಿನಲ್ಲಿ ಆಡಿದ ಮಾತು ಅದು. ರೇವಣಪ್ಪ ವ್ಯಾಪಾರಿ, ಲಾಭ ಬೇಗ ಕಂಡ: ತಮ್ಮ ಓಣಿಯವನೇ ಬಂದು ಕೇಳಿದರೆ ಓಣಿಯವರು ಪಟ್ಟಿ ಇಲ್ಲ ಎನ್ನಲಾರರು. ಮೂರನೆಯ ದಿನ ಸಿರಾಜುದ್ದೀನನಿಗೆ ಹುಕುಂ ಬಂತು. ನೌಕರಿ ತಾತ್ಕಾಲಿಕ. ಮೂರು ತಿಂಗಳಲ್ಲಿ ವಸೂಲಿ ಪೂರಾ ಆದರೆ ಕಾಯಂ.

ಆ ಸಂಜೆ ಹಮೀದಾಬಿ ಶೀರಖುರ್ಮಾ ಮಾಡಿ ಬಸ್ಸಮ್ಮನಿಗೆ ತಂದುಕೊಟ್ಟಳು. ಹಬ್ಬವಲ್ಲದ ದಿನ ಅವಳ ಮನೆಯಲ್ಲಿ ಹಾಲು ತಂದು ವರ್ಷಗಳಾಗಿದ್ದವು. “ನಿಮ್ಮ ಬಾಯಿಲೆ ನಮಗ ಅನ್ನ ಸಿಕ್ತು, ಅಕ್ಕ,” ಎಂದಾಗ ಬಸ್ಸಮ್ಮ ಅವಳ ಬಟ್ಟಲಿಗೆ ಚುರುಮುರಿ ತುಂಬಿ ಕೊಟ್ಟಳು.

ಸಿರಾಜುದ್ದೀನ ಬೇರೆ ಓಣಿಗಳನ್ನೆಲ್ಲ ಮುಗಿಸಿ ಕೊನೆಗೆ ತನ್ನ ಓಣಿಗೆ ಬಂದ. ಬಸ್ಸಮ್ಮ ಕಾದ ಮರಳಿನಲ್ಲಿ ಅಕ್ಕಿ ಹುರಿಯುತ್ತಿದ್ದಳು. ಅವನು ಬಗಲಲ್ಲಿ ಲೆಕ್ಕದ ವಹಿ ಹಿಡಿದು ನಿಂತೇ ಇದ್ದ.

“ಕೇಳ್ರಿ, ನಿಮ್ಮ ಕೆಲಸ ಅದು,” ಅಂದಳು ಅವಳೇ.

“ಮನಿಪಟ್ಟಿ, ದೀಪಪಟ್ಟಿ, ಅಕ್ಕ.”

“ಮನಿಪಟ್ಟಿ ಕೊಡ್ತೀನಿ. ದೀಪಪಟ್ಟಿ ಕೊಡಂಗಿಲ್ಲ. ದೀಪ ಇಲ್ಲಂತ ನಿಮಗ ಗೊತ್ತದ.”

“ಗೊತ್ತದ. ಆದ್ರ ನೀವು ಕೊಡಲಿಲ್ಲಂದ್ರ ಓಣ್ಯಾಗ ಯಾರೂ ಕೊಡಂಗಿಲ್ಲ. ನನ್ನ ನೌಕ್ರಿ ಇನ್ನಾ ಕಾಯಂ ಆಗಿಲ್ಲ.”

ಬಸ್ಸಮ್ಮ ಹುರಿಯುವ ಸೌಟು ಕೆಳಗಿಟ್ಟಳು. ಅವಳಿಗೆ ಅವನ ಮೇಲೆ ಸಿಟ್ಟು ಬರಲಿಲ್ಲ, ತನ್ನ ಮೇಲೆಯೇ ಬಂತು. ರೇವಣಪ್ಪನ ಮುಂದೆ ಬಾಯಿ ಬಿಟ್ಟವಳು ತಾನು. ಕೊಟ್ಟುಬಿಡೋಣ ಎಂದು ಒಂದು ಗಳಿಗೆ ಅನ್ನಿಸಿತು. ಆದರೆ ಕಂಬದ ಕಡೆ ಕಣ್ಣು ಹೋಯಿತು, ರೇವಣಪ್ಪನ ಅಂಗಳದ ಕಂದೀಲು ನೆನಪಾದವು.

“ಆಗಂಗಿಲ್ಲ, ಮುನ್ಷಿ ಸಾಬ್ರೆ. ನನಗ ಬ್ಯಾಸರಾಗ್ಯಾದ. ನವಾಬರ ಕಾಲಕ್ಕ ಕೇಳಿದ್ರ ಬೆನ್ನಿಗೆ ಬೀಳ್ತಿತ್ತು. ಈಗ ವೋಟ ಹಾಕೀವಿ, ಈಗ್ಲೂ ಕೇಳಬಾರದಂದ್ರ ಹ್ಯಾಂಗ?”

ಓಣಿಯ ಇಪ್ಪತ್ತೆರಡು ಮನೆಯವರೂ ಅದನ್ನೇ ಹೇಳಿದರು.

ಹದಿನೈದು ದಿನದ ಮೇಲೆ ರೇವಣಪ್ಪ ಜಪ್ತಿ ಹುಕುಂ ಬರೆಸಿದ. ಮೊದಲು ಬಸ್ಸಮ್ಮನ ಭಟ್ಟಿಯ ಕಡಾಯಿ ಎತ್ತಿ ತಾ, ಉಳಿದವರು ತಾವಾಗಿ ಕೊಡುತ್ತಾರೆ ಎಂದ. ಮರುದಿನ ಬೆಳಿಗ್ಗೆ ಸಿರಾಜುದ್ದೀನ ಜವಾನನ ಜೊತೆ ಬಂದ. ಓಣಿಯವರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಹಮೀದಾಬಿ ಕಿಟಕಿಯ ಪರದೆ ಸರಿಸಿ ನೋಡುತ್ತಿದ್ದಳು.

ಬಸ್ಸಮ್ಮ ಒಲೆಯ ಬೆಂಕಿ ಎಳೆದಳು. ಮರಳು ಹೊರಗೆ ಸುರಿದಳು. ಕಡಾಯಿಯನ್ನು ಅರಿವೆಯಿಂದ ಹಿಡಿದು ಕೆಳಗಿಳಿಸಿ ಅವರ ಮುಂದೆ ಇಟ್ಟಳು.

“ತಗೊಂಡ ಹೋಗ್ರಿ. ಬಿಸಿ ಅದ, ಕೈ ಸುಟ್ಟೀತು.”

ಜವಾನ ಬಗ್ಗಿದ. ಸಿರಾಜುದ್ದೀನ ಅವನ ಭುಜ ಹಿಡಿದು ತಡೆದ. ಹದಿನಾಲ್ಕು ವರ್ಷ ಜಾಗೀರಿನಲ್ಲಿ ಅವನು ಇಂಥ ಎಷ್ಟೋ ಜಪ್ತಿ ಬರೆದಿದ್ದ. ತಾಮ್ರದ ಹಂಡೆ ಒಂದು, ಎತ್ತು ಎರಡು ಎಂದು ಬರೆದು ರುಜು ಹಾಕಿ ಮನೆಗೆ ಬಂದು ಉಣ್ಣುತ್ತಿದ್ದ. ಹಾಗೆ ಸಾಮಾನು ಕಳಕೊಂಡವರಲ್ಲಿ ಯಾರೂ ಅವನ ಕೈ ಸುಟ್ಟೀತು ಎಂದು ಹೇಳಿರಲಿಲ್ಲ.

ಅವನು ಅಲ್ಲೇ ಕಟ್ಟೆಯ ಮೇಲೆ ಕೂತು ಕಾಗದ ತೆಗೆದ. ಕನ್ನಡದಲ್ಲಿಯೇ ಬರೆದ. ಹುಣಸಿ ಓಣಿಯಲ್ಲಿ ಐದು ವರ್ಷದಿಂದ ದೀಪ ಹತ್ತಿಲ್ಲ, ಎಣ್ಣೆ ಬಂದಿಲ್ಲ, ಬಲ್ದಿಯಾದ ಎರಡು ಹೊಸ ಕಂದೀಲು ಮೆಂಬರರ ಅಂಗಳದಲ್ಲಿವೆ, ಆದ್ದರಿಂದ ಇಲ್ಲಿ ದೀಪಪಟ್ಟಿ ವಸೂಲಿ ಮಾಡುವುದು ನ್ಯಾಯವಲ್ಲ. ಕೆಳಗೆ ‘ವಸೂಲಿ ಗುಮಾಸ್ತ’ ಎಂದು ರುಜು ಹಾಕಿದ. ಇಪ್ಪತ್ತೆರಡು ಮನೆಯವರ ಹೆಬ್ಬೆಟ್ಟು ತಗೊಂಡ. ಓಣಿಯವರ ತಕರಾರನ್ನು ಕಸದಬುಟ್ಟಿಗೆ ಹಾಕಬಹುದು, ಬಲ್ದಿಯಾದ ಗುಮಾಸ್ತನೇ ಬರೆದದ್ದನ್ನು ಹಾಗೆ ಮಾಡಲಾಗದು ಎಂಬುದು ಅವನಿಗೆ ಗೊತ್ತಿತ್ತು. ಬಲ್ದಿಯಾಕ್ಕೆ ಕೊಡದೆ, ಮಧ್ಯಾಹ್ನದ ಬಸ್ಸಿಗೆ ತಾನೇ ಹೋಗಿ ಗುಲ್ಬರ್ಗಾದ ಮೇಲಿನ ಕಚೇರಿಯಲ್ಲಿ ಕೊಟ್ಟು ಬಂದ.

ನಾಲ್ಕು ದಿನದಲ್ಲಿ ಅವನನ್ನು ತೆಗೆದರು. ತಾತ್ಕಾಲಿಕ ನೌಕರಿ, ಕಾರಣ ಹೇಳಬೇಕಾಗಿರಲಿಲ್ಲ.

ಬಸ್ಸಮ್ಮ ಸೇರು ಚುರುಮುರಿ ಕಟ್ಟಿಕೊಂಡು ಎದುರು ಮನೆಗೆ ಹೋದಳು. ಹಮೀದಾಬಿ ಹೊಲಿಗೆ ಮಷಿನ್ನಿನಿಂದ ತಲೆ ಎತ್ತಲಿಲ್ಲ.

“ತಪ್ಪಾತವ್ವಾ. ನಾನ ಸುಮ್ಮನ ಕೊಟ್ಟಬಿಡಬೇಕಾಗಿತ್ತು,” ಅಂದಳು ಬಸ್ಸಮ್ಮ.

“ಅವರು ಮಾಡಿದ್ದು ಖರೆನ ಅದ, ಅಕ್ಕ. ನೀವು ಕೇಳಿದ್ದೂ ಖರೆನ ಅದ.” ಹಮೀದಾಬಿ ದಾರ ಹರಿದಳು. “ಆದ್ರ ಖರೆ ಮಾತಿನ ಪಟ್ಟಿ ನಮ್ಮ ಮನಿ ಒಂದ ಕೊಡಬೇಕೇನು?”

ಬಸ್ಸಮ್ಮ ಅಲ್ಲೇ ಕೂತು, ಹೊಲಿದ ರವಿಕೆಗಳಿಗೆ ಗುಂಡಿ ಹಚ್ಚಿ ಕೊಟ್ಟು ಎದ್ದು ಬಂದಳು.

ಶ್ರಾವಣದಲ್ಲಿ ಮೇಲಿನ ಕಚೇರಿಯಿಂದ ಅಧಿಕಾರಿಯೊಬ್ಬರು ನೋಡಲು ಬಂದರು. ಅವರು ಬರುವ ಹಿಂದಿನ ದಿನ ರೇವಣಪ್ಪನ ಅಂಗಳದ ಕಂದೀಲು ಹುಣಸಿ ಓಣಿಗೆ ಬಂದಿದ್ದವು. ಆ ವರ್ಷದ ದೀಪಪಟ್ಟಿ ಮಾಫಿ ಆಯಿತು. ಏರಿಸಿದ ಮನಿಪಟ್ಟಿ ಇಳಿಯಲಿಲ್ಲ. ಗುಮಾಸ್ತನ ಜಾಗಕ್ಕೆ ರೇವಣಪ್ಪನ ಅಕ್ಕನ ಮಗ ಬಂದ, ಅವನು ಮೊದಲ ದಿನವೇ ಕಾಯಂ. ಸಿರಾಜುದ್ದೀನ ಐದು ತಿಂಗಳು ಅಲೆದು ಶಹಾಬಾದಿನಲ್ಲಿ ಒಬ್ಬ ಕಲ್ಲಿನ ವ್ಯಾಪಾರಿಯ ಹತ್ತಿರ ಹಾಸುಗಲ್ಲು ಎಣಿಸುವ ಕೆಲಸಕ್ಕೆ ಸೇರಿದ. ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದ. ಬಂದಾಗ ಶೇರ್ವಾನಿಯ ಮೇಲೆಲ್ಲ ಕಲ್ಲಿನ ಧೂಳು ಕೂತಿರುತ್ತಿತ್ತು.

ಯುಗಾದಿಯ ಮುಂದೆ ರೇವಣಪ್ಪ ಭಟ್ಟಿಯ ಹತ್ತಿರ ಬಂದು ನಿಂತ. ಜೊತೆಗೆ ನಾಲ್ಕು ಮಂದಿ ಇದ್ದರು.

“ನೋಡವ್ವಾ ಬಸ್ಸಮ್ಮ, ಹೇಳಿದ್ನೋ ಇಲ್ಲೋ? ನಿಮ್ಮ ಓಣಿಗೆ ದೀಪ ಹಚ್ಚಿಸಿದೆ.”

ಬಸ್ಸಮ್ಮ ಕೈಯಲ್ಲಿದ್ದ ಜರಡಿ ಕೆಳಗಿಟ್ಟು ಎದ್ದು ನಿಂತಳು.

“ಈ ಮಾತು ಎದುರು ಮನಿ ಬಾಗಿಲಾಗ ನಿಂತು ಹೇಳ್ರಿ. ಬರ್ರಿ, ನಾನೂ ಬರ್ತೀನಿ.”

ರೇವಣಪ್ಪ ಎದುರು ಮನೆಯ ಕಡೆ ನೋಡಿದ. ಒಳಗಿನಿಂದ ಹೊಲಿಗೆ ಮಷಿನ್ನಿನ ಸದ್ದು ಬರುತ್ತಿತ್ತು. ಅಡತಿಗೆ ಗಾಡಿ ಬಂದಿರಬೇಕು ಎಂದು ಜೊತೆಯವರಿಗೆ ಹೇಳುತ್ತ ಓಣಿ ದಾಟಿ ಹೋದ. ಬಸ್ಸಮ್ಮ ಒಬ್ಬಳೇ ರಸ್ತೆ ದಾಟಿ, ಹಮೀದಾಬಿಯ ಕಟ್ಟೆಯ ಮೇಲೆ ಹೋಗಿ ಕೂತಳು.