ಸತ್ತವಳ ಮುದ್ರೆ

“ನಗೇ ಮುದ್ಕಿ! ಹೆಣ ಕಾಯೋಳಂಗೆ ನಿಂತ್ಕಂಡಿದ್ದೀಯಲ್ಲ, ಒಸಿ ಹಲ್ ಕಿರಿ!”

ಹಿರಿಯ ತಾಕ್ ತನ್ನ ಕೈಗವಸಿನ ಮಸಿಯನ್ನು ಒಕ್‌ಬುನ್ ಅಕ್ಕನ ಗಲ್ಲಕ್ಕೆ ಒರೆಸಿ, ಹಿಂದೆ ಸರಿದು ಫೋಟೋ ತೆಗೆದ. ಅವನು ಚರ್ಚಿನ ಸಭಾಹಿರಿಯ. ಬಡವರಿಗೆ ಇದ್ದಲು ಹಂಚುವ ಸಂಘವೂ ಅವನ ಕೈಯಲ್ಲೇ. ಸಿಯೋಲ್ ಪೇಟೆಯಿಂದ ಬಸ್ಸಿನಲ್ಲಿ ಬಂದ ಆಫೀಸಿನ ಹುಡುಗ ಹುಡುಗಿಯರು ನಮ್ಮ ಗುಡ್ಡದ ಓಣಿಯಲ್ಲಿ ಸಾಲಾಗಿ ನಿಂತು, ಇದ್ದಲ ಬಿಲ್ಲೆಗಳನ್ನು ಕೈಯಿಂದ ಕೈಗೆ ದಾಟಿಸಿ, ಅಕ್ಕನ ಗೋಡೆಗೆ ಮುನ್ನೂರು ಒಟ್ಟಿದ್ದರು.

ಬಸ್ಸು ಗುಡ್ಡ ಇಳಿದು ಹೋದ ಮೇಲೆ ಆ ಮುನ್ನೂರರಲ್ಲಿ ಇನ್ನೂರು ತಾಕ್‌ನ ಲಾರಿಗೆ ವಾಪಸ್ ಏರುತ್ತವೆ. ಓಣಿಗೆಲ್ಲ ಗೊತ್ತು. ಮುಂದಿನ ಶನಿವಾರ ಅದೇ ಬಿಲ್ಲೆ ನನ್ನ ಗೋಡೆಗೆ, ಇನ್ನೊಂದು ಬಸ್ಸಿನವರ ಫೋಟೋಗೆ. ನಾವು ಮಾತ್ರ ಮುನ್ನೂರಕ್ಕೂ, ಸಹಿಯ ಬದಲು, ನಮ್ಮ ನಮ್ಮ ಹೆಸರು ಕೆತ್ತಿದ ಮುದ್ರೆ ಒತ್ತಬೇಕು. ಒತ್ತದಿದ್ದರೆ ಆ ನೂರೂ ಇಲ್ಲ. ದಿನಕ್ಕೆ ಐದು ಸುಟ್ಟರೆ ಇಪ್ಪತ್ತು ದಿನ. ಆಮೇಲೆ ಕಂಬಳಿಯ ಮೇಲೆ ಕಂಬಳಿ. ಅಕ್ಕನ ಗಂಡ ಗಣಿಯಲ್ಲಿ ದುಡಿದು ಎದೆ ತುಂಬ ದೂಳು ತುಂಬಿಕೊಂಡು ಮಲಗಿದವನು. ಒಲೆಯ ಬಿಸಿ ಅಡಿಯಲ್ಲಿ ಹಾಯುವ ನೆಲ ತಣ್ಣಗಾದರೆ ಕೆಮ್ಮಿ ಕೆಮ್ಮಿ ನೀಲಿಗಟ್ಟುತ್ತಿದ್ದ.

ತಾಕ್ ಕಡತ ಬಿಚ್ಚಿ ಕೆಂಪು ಮಸಿಯ ಡಬ್ಬಿ ಮುಂದಿಟ್ಟ. “ಒತ್ತು, ಬೇಗ. ಚಳಿ ನಂಗೂ ಆಯ್ತದೆ.”

ಅಕ್ಕ ತನ್ನ ಮುದ್ರೆ ಹಿಡಿದವಳು ಕಡತದ ಮೇಲಿನ ಸಾಲಿನ ಕೆಂಪು ಗುರುತು ನೋಡಿ ಹಾಗೇ ನಿಂತಳು. ಓದು ಅಷ್ಟಕ್ಕಷ್ಟೇ, ಆದರೆ ಹೆಸರು ಗುರುತಿಸುತ್ತಾಳೆ.

“ಇದು ಸುನ್‌ದೊಕ್ ಮುದ್ರೆ.”

“ಹೂಂ. ಏನೀಗ?”

“ಅವ್ಳು ಹೋದ್ವರ್ಷ ಚಳೀಗೆ ಸೆಟ್ಗೊಂಡು ಸತ್ಳು. ಒಲೆ ಆರೋಗಿತ್ತು. ನಾನೂ ಮಾಲ್‌ಸುನ್ನೂ ಎತ್ತಿ ಚಾಪೆಗಾಕಿದ್ದು. ಈ ತಿಂಗ್ಳು ಅವ್ಳೆಂಗೆ ಮುನ್ನೂರು ಬಿಲ್ಲೆ ಈಸ್ಕಂಡ್ಳು?”

ಮಾಲ್‌ಸುನ್ ಅಂದರೆ ನಾನು. ನೆಲ ನೋಡಿದೆ. ಅವಳನ್ನು ಮಣ್ಣು ಮಾಡುವ ಕಾಗದಪತ್ರಕ್ಕೆ ಬೇಕು ಅಂತ ತಾಕ್ ಕೇಳಿದಾಗ ಸುನ್‌ದೊಕ್‌ಳ ಪೆಟ್ಟಿಗೆ ತಡಕಿ ಆ ಮುದ್ರೆ ಕೊಟ್ಟವಳು ನಾನೇ.

“ದೇವ್ರ ಕೆಲ್ಸಕ್ಕೆ ಲೆಕ್ಕ ಕೇಳ್ತೀಯೇನೇ, ತಿರ್ಪೆ ಮುಂಡೆ?” ತಾಕ್ ಹಲ್ಲು ಕಚ್ಚಿಕೊಂಡೇ ಅಂದ. “ಎಂಜಲು ನೆಕ್ಕೋ ನಾಯಿಗೆ ಕಡತ ಓದೋ ಚಟ!”

“ನನ್ನೆಸ್ರೇಳಿ ತಿಂದೋನು ನೀನು. ನಾಯಿ ಯಾರ್ಲಾ?”

ಅಕ್ಕ ಮುದ್ರೆ ಒತ್ತಲಿಲ್ಲ. ಓಣಿ ಇಳಿದು ಹೋಗಿ, ಹೊರಡಲು ನಿಂತಿದ್ದ ಬಸ್ಸಿನ ಮುಂದೆ ಹೆಪ್ಪುಗಟ್ಟಿದ ರಸ್ತೆಯ ಮೇಲೆ ಕೂತುಬಿಟ್ಟಳು. ಒಬ್ಬ ಹುಡುಗಿ ಬಾಗಿಲಿನಿಂದ ಬಗ್ಗಿ ಕೇಳಿದಳು, “ಅಜ್ಜಿ, ಏನಾಯ್ತು?”

“ಹತ್ ನಿಮ್ಷ ಇರಿ ಮಕ್ಳಾ. ನೀವ್ ಒಟ್ಟಿದ್ ಬಿಲ್ಲೆ ಎಲ್ಲಿಗೋಯ್ತವೆ ನೋಡ್ಕಂಡೋಗಿ.”

“ಪಾಪ, ಅರಳುಮರಳು,” ಅಂತ ತಾಕ್ ಹುಡುಗಿಗೆ ನಕ್ಕು ತೋರಿಸಿ, ಅಕ್ಕನ ಕಿವಿಯ ಹತ್ತಿರ ಬಗ್ಗಿದ. ನಾನು ಹಿಂದೆಯೇ ಇದ್ದೆ. “ಮುನ್ನೂರೂ ಇಟ್ಕೊ. ಇನ್ನೂರು ಸೇರಿಸ್ಕೊಡ್ತೀನಿ. ನಿನ್ ಗಂಡ ಈ ಚಳಿ ದಾಟ್ಬೇಕೋ ಬ್ಯಾಡ್ವೋ?”

ಅಕ್ಕ ಒಂದು ಕೈ ನೆಲಕ್ಕೂರಿದಳು. ಏಳುತ್ತಾಳೆ ಅಂದುಕೊಂಡೆ. ಸುಳ್ಳು ಯಾಕೆ, ಎದ್ದರೆ ಸಾಕು ಅನ್ನಿಸಿತ್ತು ನನಗೆ. ಅವಳ ಜಾಗದಲ್ಲಿ ನಾನಿದ್ದಿದ್ದರೆ ಎದ್ದುಬಿಡುತ್ತಿದ್ದೆ.

“ಕಡತ ತೆಗಿ,” ಅಂದಳು. “ಸುನ್‌ದೊಕ್ ಹೆಸ್ರು ಇವ್ರ್ ಮುಂದೆ ಓದು. ಆಮ್ಯಾಕ್ ಏಳ್ತೀನಿ.”

ತಾಕ್ ನೆಟ್ಟಗಾಗಿ ಓಣಿಗೆಲ್ಲ ಕೇಳುವಂತೆ ಕೂಗಿದ. “ಇವ್ಳು ಏಳ್ದಿದ್ರೆ ಈ ಗುಡ್ಡಕ್ಕೆ ಇನ್ನೊಂದು ಬಿಲ್ಲೆ ಬೀಳಾಕಿಲ್ಲ!”

ಬಾಗಿಲುಗಳು ಮುಚ್ಚಿಕೊಂಡವು. ಒಂದರ ಹಿಂದಿನಿಂದ ಹೆಣ್ಣು ದನಿ ಅತ್ತಿತು: “ಎದ್ದೋಳೇ ಒಕ್‌ಬುನ್, ನಮ್ಮನ್ಯಾಕೆ ಸಾಯಿಸ್ತೀಯ...”

ನನ್ನ ಮನೆಯಲ್ಲಿ ಉಳಿದಿದ್ದದ್ದು ಹನ್ನೊಂದು ಬಿಲ್ಲೆ.

“ಸತ್ತೋದ ಸುನ್‌ದೊಕ್ ಮುದ್ರೆ ಇವ್ನಿಗೆ ಕೊಟ್ಟೋಳು ನಾನು,” ಅಂದೆ. ಮತ್ತೆ ಅಂದೆ, ಬಸ್ಸಿನವರಿಗೆ ಕೇಳುವಂತೆ. ಹೋಗಿ ಅಕ್ಕನ ಪಕ್ಕ ಕೂತೆ. ಸೀರ್ ಅಂತ ಚಳಿ ಸೊಂಟಕ್ಕೇರಿತು.

ಡ್ರೈವರ್ ಹಾರನ್ ಒತ್ತಿ ಹಿಡಿದ. ಕಿಟಕಿಗಳಲ್ಲಿ ಫೋನುಗಳು ನಮ್ಮ ಕಡೆ ತಿರುಗಿದ್ದವು. ಯಾರೂ ಇಳಿಯಲಿಲ್ಲ.

ಹಾರನ್ ನಿಂತಾಗ, ಬೆಳಗಿನಿಂದ ಬಿಡದೆ ಕೇಳುತ್ತಿದ್ದ ಅಕ್ಕನ ಗಂಡನ ಕೆಮ್ಮು ಮೇಲಿನ ಮನೆಯಿಂದ ಕೇಳಿಸಲಿಲ್ಲ. ಅಕ್ಕ ತಲೆ ಎತ್ತಿ ಆ ಕಡೆ ಕಿವಿಗೊಟ್ಟಳು. ನನ್ನ ಮಣಿಕಟ್ಟು ಹಿಡಿದಳು. ಏಳಲಿಲ್ಲ.