ಕುಲುಕಿದ ರಕ್ತ

ಬಸವಕುಮಾರನ ಮೊದಲ ಏಟಿಗೇ ಪಾಂಡಪ್ಪನ ಮೂಗು ಒಡೆಯಿತು. ಎರಡನೆಯದಕ್ಕೆ ಅವನು ಕುರ್ಚಿ ಸಮೇತ ಉರುಳಿದ. ಜಮಖಂಡಿಯಲ್ಲಿ ಅವನು ನಡೆಸುತ್ತಿದ್ದ ಪುಟ್ಟ ರಕ್ತ ತಪಾಸಣೆ ಅಂಗಡಿಯ ಗಾಜೆಲ್ಲ ಚೂರುಚೂರಾಯಿತು. ಪಾಂಡಪ್ಪ ನೆಲಕ್ಕೂರಿದ ಬಲಗೈಯನ್ನು ಬಸವಕುಮಾರ ತುಳಿದ. ಬೆರಳು ಮುರಿದ ಸದ್ದು ಅವನಿಗೂ ಕೇಳಿಸಿತು, ಆದರೂ ಕಾಲು ತೆಗೆಯಲಿಲ್ಲ.

"ನಮ್ಮವ್ವನ್ನ ಸಾಯಸಾಕ ನಿಂತೀಯೇನಲೇ?" ಎಂದ.

ಅವನ ತಾಯಿ ತಂಗೆವ್ವನ ಅಂಗಾಲಲ್ಲಿ ಎದ್ದ ಕಪ್ಪು ಮಚ್ಚೆಯನ್ನು ಎರಡು ವರ್ಷ ಎಲ್ಲರೂ ಆಣಿ ಎಂದೇ ತಿಳಿದಿದ್ದರು. ಅದು ಚರ್ಮದ ಕ್ಯಾನ್ಸರು. ಈಗ ತೊಡೆಸಂದಿ ದಾಟಿ ಶ್ವಾಸಕೋಶಕ್ಕೂ ಹಬ್ಬಿತ್ತು. ಮೈಯ ಬಲವನ್ನೇ ಎಬ್ಬಿಸಿ ರೋಗದ ಮೇಲೆ ಬಿಡುವ ಇಂಜೆಕ್ಷನ್ ಒಂದಿದೆ, ಅದು ಯಾರಿಗೆ ನಾಟೀತು ಎಂಬ ಸುಳಿವು ರಕ್ತದಲ್ಲಿ ಸಿಗುತ್ತದೆ ಎಂದು ಬೆಳಗಾವಿಯ ಡಾಕ್ಟರು ಹೇಳಿದ್ದರು. ರಕ್ತದಲ್ಲಿನ ಎಲ್‌ಡಿಹೆಚ್ ಎಂಬ ಅಂಶ ಇನ್ನೂರೈವತ್ತರೊಳಗಿದ್ದರೆ ಆಸೆ ಹೆಚ್ಚು, ಏರಿದಷ್ಟೂ ಕಡಿಮೆ. ಪಾಂಡಪ್ಪನ ತಪಾಸಣೆಯಲ್ಲಿ ಬಂದದ್ದು ಸಾವಿರದ ನಾನೂರು. ಫೋನಿನಲ್ಲಿ ಅಂಕಿ ಕೇಳಿದ ಡಾಕ್ಟರು ಇಂಜೆಕ್ಷನ್ ನಾಟುವುದು ಕಷ್ಟ ಎಂದರು. ಪಾಂಡಪ್ಪನೇ ಏನೋ ಎಡವಟ್ಟು ಮಾಡಿದ್ದಾನೆ ಎಂದು ಬಸವಕುಮಾರ ತೀರ್ಮಾನಿಸಿದ. ಕೈ ಮೊದಲು, ವಿಚಾರ ಆಮೇಲೆ. ಅವನ ಜಾಯಮಾನವೇ ಅದು.

"ರಿಪೋರ್ಟಿನ ಕೆಳಗ ಓದೀರೇನು?" ಪಾಂಡಪ್ಪ ರಕ್ತ ಉಗುಳುತ್ತ ಕೇಳಿದ. "ರಕ್ತ ಒಡದೈತಿ, ಮತ್ತ ತಗೀಬೇಕು ಅಂತ ಬರದೇನ್ರಿ. ಮ್ಯಾಲಿನ ನೀರು ಹಳದಿ ಇರಬೇಕು, ಕೆಂಪಾಗಿತ್ತು. ಒಡದ ರಕ್ತದಾಗ ಅಂಕಿ ಸುಳ್ಳ ಏರತೈತಿ. ನಿಮ್ಮ ಮನ್ಯಾಗ ರಕ್ತ ತಗದು, ನಳಿಗಿ ಅಂಗಡಿಗಿ ಮುಟ್ಟಸ್ರಿ ಅಂತ ನಿಮ್ಮ ಕೈಯಾಗ ಕೊಟ್ಟಿದ್ನಿ. ದಾರ್ಯಾಗ ಏನ ಮಾಡಿದ್ರಿ?"

ಬಸವಕುಮಾರ ಕಾಲು ತೆಗೆದ. ಡೇರಿಗೆ ಹಾಲು ಹಾಕುವ ಅವನು ದಿನವೂ ಮಾಡುವುದನ್ನೇ ಮಾಡಿದ್ದ. ಕೆನೆ ಮೇಲೆ ನಿಂತರೆ ಫ್ಯಾಟಿನ ಅಳತೆ ಸರಿಯಾಗಿ ಬರುವುದಿಲ್ಲ, ಅದಕ್ಕೇ ಕ್ಯಾನು ಕುಲುಕಿ ಕೊಡುವುದು ಇಪ್ಪತ್ತು ವರ್ಷದ ರೂಢಿ. ನಳಿಗೆಯಲ್ಲಿ ಹಳದಿ ನೀರು ಮೇಲೆ, ರಕ್ತ ಕೆಳಗೆ ನಿಂತದ್ದು ಕಂಡು, ಈ ಅಂಗಡಿಯ ಮೆಟ್ಟಿಲ ಮೇಲೇ ಅದನ್ನೂ ಗಡಗಡ ಕುಲುಕಿದ್ದ. ಅವ್ವನಿಗೆ ಒಳ್ಳೆಯದಾಗಲೆಂದು ಇನ್ನಷ್ಟು ಜೋರಾಗಿ ಕುಲುಕಿದ್ದ.

ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ ಎನ್ನುತ್ತಾರೆ. ಇಲ್ಲಿ ಮೂಗೂ ಪರರದು, ಬೆರಳೂ ಪರರದು.

ಮರುದಿನ ಬೆಳಿಗ್ಗೆ ಪಾಂಡಪ್ಪ ಬಾಡಗಂಡಿ ಊರಿನ ಬಸವಕುಮಾರನ ಮನೆಗೆ ತಾನೇ ಬಂದ, ಬಲಗೈಗೆ ಪ್ಲಾಸ್ಟರು. "ಪೊಲೀಸರಿಗೆ ಹೇಳೂದು ಆಮ್ಯಾಲೆ. ಮೊದಲ ಮುದುಕಿ ರಕ್ತ," ಎಂದ. ತಂಗೆವ್ವನ ನರ ಬೇರೆ ಯಾರಿಗೂ ಸಿಗುತ್ತಿರಲಿಲ್ಲ. ಎಡಗೈಯಿಂದ ಸೂಜಿ ಹಿಡಿದ ಪಾಂಡಪ್ಪನೂ ಮೂರು ಸಲ ಚುಚ್ಚಬೇಕಾಯಿತು. ಮುದುಕಿ ಹಲ್ಲು ಕಚ್ಚಿ ಕೂತಿದ್ದಳು.

"ಕೈಗಿ ಏನಾತೋ ತಮ್ಮಾ?"

"ಬಿದ್ದಿದ್ನಿ ಯವ್ವಾ."

"ನಾನ ಮುರದೇನಿ," ಎಂದ ಬಸವಕುಮಾರ.

ಸೂಜಿ ತೆಗೆಯುವ ತನಕ ತಂಗೆವ್ವ ಅಲುಗಲಿಲ್ಲ. ಆಮೇಲೆ ಚಪ್ಪಲಿ ಎತ್ತಿಕೊಂಡು ಮಗನ ಮುಖಕ್ಕೆ ಹೊಡೆದಳು. ಚುಚ್ಚಿದ ತೋಳಿನಿಂದ ರಕ್ತ ಇಳಿದರೂ ನಿಲ್ಲಿಸಲಿಲ್ಲ, ಕೈ ಸೋಲುವವರೆಗೆ ಹೊಡೆದಳು. ಅವನ ತುಟಿ ಸೀಳಿತು. ಅವನು ಮುಖ ಸರಿಸಲಿಲ್ಲ.

ಈ ಸಲ ನಳಿಗೆಯನ್ನು ಪಾಂಡಪ್ಪನೇ ಒಯ್ದ, ಬಸವಕುಮಾರ ಬೆನ್ನಿಗೆ ಹೋದ. ಮೇಲಿನ ನೀರು ತಿಳಿ ಹಳದಿಯಾಗಿ ನಿಂತಿತು. ಮಧ್ಯಾಹ್ನ ಅಂಕಿ ಬಂತು: ಏಳುನೂರ ಎಂಬತ್ತು.

"ಇಂಜೆಕ್ಷನ್ ಶುರು ಮಾಡೋಣ, ಆದರೆ ಹೆಚ್ಚಿನ ಆಸೆ ಇಟ್ಕೋಬೇಡಿ," ಎಂದರು ಡಾಕ್ಟರು ಫೋನಿನಲ್ಲಿ.

ಬಸವಕುಮಾರ ತಲೆಯೆತ್ತಿದ. ಪಾಂಡಪ್ಪ ಗೋಡೆಗೆ ಸರಿದು ಪ್ಲಾಸ್ಟರಿನ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡ.

"ಈ ಅಂಕಿ ಖರೆ ಐತ್ರಿ," ಎಂದ.

"ಗೊತ್ತೈತಿ," ಎಂದ ಬಸವಕುಮಾರ. ಅವನ ಮುಷ್ಟಿ ಬಿಗಿದೇ ಇತ್ತು. ಹೊಡೆಯಲು ಯಾರೂ ಇರಲಿಲ್ಲ.